ಮೂವತ್ತು ಪಾಯಿಂಟ್ ಹೊಡೆದ ಹುಡುಗ ಎಷ್ಟು ದೂರ ಹೋದಾನು?

ಮಾಟುಂಗಾದ ಇಂಡಿಯನ್ ಜಿಮ್ಖಾನಾ ಇರಲಿ, ನಾಗ್ಪಾಡಾದ ಬಚ್ಚೂಖಾನ್ ಮೈದಾನ ಇರಲಿ, ಪುಣೆಯ ಯಾವುದೋ ಕಾಲೇಜಿನ ಸಿಮೆಂಟ್ ಕೋರ್ಟ್ ಇರಲಿ, ಬಾಸ್ಕೆಟ್‌ಬಾಲ್ ಪಂದ್ಯದ ಸ್ಕೋರರ್ ಮೇಜಿನ ಮೇಲಿನ ಹಾಳೆ ಒಂದೇ ನಮೂನೆಯದು. ಬಲಗಡೆ 1ರಿಂದ 160ರವರೆಗೆ ಅಚ್ಚಾದ ಅಂಕಿಗಳು. ಎರಡು ಪಾಯಿಂಟ್ ಬಿದ್ದರೆ ತಂಡದ ಒಟ್ಟು ಅಂಕಿಯ ಮೇಲೆ ಓರೆಗೆರೆ, ಪಕ್ಕದಲ್ಲಿ ಹೊಡೆದವನ ಜೆರ್ಸಿ ನಂಬರ್. ದೂರದ ಗೆರೆಯಾಚೆಯಿಂದ ಎಸೆದ ಮೂರು ಪಾಯಿಂಟಾದರೆ ಆ ನಂಬರಿಗೆ ಒಂದು ಸುತ್ತು. ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲಿಗೆ ಸಿಗುವ ಅಡ್ಡಿಯಿಲ್ಲದ ಎಸೆತ, ಬಿದ್ದರೆ ಅಂಕಿಯ ಮೇಲೆ ತುಂಬಿದ ಚುಕ್ಕೆ. ಎಡಗಡೆ ಆಟಗಾರರ ಹೆಸರು, ಒಬ್ಬೊಬ್ಬನ ಎದುರು ಫೌಲಿಗೆಂದು ಐದು ಚೌಕ. ತಪ್ಪಿದ ಶಾಟ್ ಬರೆಯಲು ಆ ಹಾಳೆಯಲ್ಲಿ ಜಾಗವೇ ಇಲ್ಲ.

ಸಂಜೆಗೆ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ‘ನಮ್ಮ ಹುಡುಗ 30 ಹೊಡೆದ’ ಎಂಬ ಸುದ್ದಿ ಬರುತ್ತದೆ. ಹದಿನೆಂಟು ಎಸೆತಕ್ಕೋ, ಮೂವತ್ತೈದು ಎಸೆತಕ್ಕೋ? ಹಾಳೆಗೆ ಗೊತ್ತಿಲ್ಲ. ವಡಾಲಾದಲ್ಲೋ ಡೊಂಬಿವಲಿಯಲ್ಲೋ ಇರುವ ಕನ್ನಡದ ಮನೆಯಲ್ಲಿ ಅಪ್ಪ ಕೇಳುವುದು ಮಾತ್ರ ಬೇರೆ ಪ್ರಶ್ನೆ: ‘ಇದರಲ್ಲಿ ಮುಂದೆ ಏನಾದರೂ ಉಂಟಾ?’ ಆ ಪ್ರಶ್ನೆಗೆ 30 ಎಂಬ ಅಂಕಿಯಿಂದ ಉತ್ತರ ಹುಡುಕುವ ಅಭ್ಯಾಸ ಎಲ್ಲಿಂದ ಬಂತು, ಅದು ಎಲ್ಲಿ ಕೈಕೊಟ್ಟಿತು ಎಂಬುದಕ್ಕೆ ಒಂದು ಚರಿತ್ರೆಯೇ ಇದೆ.

ಇದು ನಮ್ಮೂರಿನ ಸೋಮಾರಿತನವಲ್ಲ. 1891ರ ಡಿಸೆಂಬರಿನಲ್ಲಿ ಜೇಮ್ಸ್ ನೈಸ್ಮಿತ್ ಆಟ ಶುರುಮಾಡಿದ ಅಮೆರಿಕದಲ್ಲೂ ಲೆಕ್ಕ ಬಹುಕಾಲ ಹೀಗೆಯೇ ಕುಂಟುತ್ತಿತ್ತು. ಅಲ್ಲಿನ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಅಸಿಸ್ಟ್‌ಗಳನ್ನು, ಸ್ಟೀಲ್ ಮತ್ತು ಬ್ಲಾಕ್‌ಗಳನ್ನು (ಬುಟ್ಟಿಗೆ ಬಿದ್ದ ಶಾಟ್‌ಗೆ ಕೊಟ್ಟ ಪಾಸ್, ಎದುರಾಳಿಯಿಂದ ಕಿತ್ತ ಚೆಂಡು, ತಡೆದ ಶಾಟ್) ಅಧಿಕೃತವಾಗಿ, ಸತತವಾಗಿ ಎಣಿಸತೊಡಗಿದ್ದು 1980ರ ದಶಕದಲ್ಲಿ. ಮೂರು ಪಾಯಿಂಟಿನ ಗೆರೆ ಎಲ್ಲ ಕಾಲೇಜುಗಳಿಗೂ ಬಂದದ್ದು 1986-87ರಲ್ಲಿ. ಅದಕ್ಕೂ ಮೊದಲು ತಾರೆ ಎಂದರೆ ಹೆಚ್ಚು ಪಾಯಿಂಟ್ ಹೊಡೆದವನು, ಇಲ್ಲವೇ ಎಲ್ಲರಿಗಿಂತ ಎತ್ತರದವನು.

ಆ ಕಾಲದ ಅರಸ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಪೀಟ್ ಮರಾವಿಚ್. ಮೂರು ವರ್ಷ, 83 ಪಂದ್ಯ, 3,667 ಪಾಯಿಂಟ್. ಪಂದ್ಯಕ್ಕೆ ಸರಾಸರಿ 44.2. ಮೂರು ಪಾಯಿಂಟಿನ ಗೆರೆ ಇಲ್ಲದೆಯೇ ಇಷ್ಟು. ಆದರೆ ಅದೇ ಸಾಧನೆಯನ್ನು ಇನ್ನೊಂದು ಮಗ್ಗುಲಿನಿಂದ ನೋಡಿ: ಪಂದ್ಯಕ್ಕೆ ಸುಮಾರು 38 ಎಸೆತ, ಬಿದ್ದದ್ದು ನೂರಕ್ಕೆ 44ಕ್ಕಿಂತ ತುಸು ಕಡಿಮೆ. ಕೋಚ್ ಬೇರೆ ಸ್ವಂತ ಅಪ್ಪ. ಮರಾವಿಚ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. 1970ರ ಡ್ರಾಫ್ಟಿನಲ್ಲಿ (ವೃತ್ತಿಪರ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಕ್ರಮ) ಮೂರನೆಯವನಾಗಿ ಆಯ್ಕೆಯಾಗಿ ಅಲ್ಲಿನ ವೃತ್ತಿಪರ ಲೀಗಾದ ಎನ್‌ಬಿಎಯಲ್ಲೂ ಮಿಂಚಿದ. ಆದರೆ 38 ಎಸೆತದ ಪರವಾನಗಿ ಯಾರಿಗೆ ಸಿಕ್ಕರೂ ಅಂಕಿ ಉಬ್ಬುತ್ತದೆ. ನಮ್ಮ ಇಂಟರ್‌ಕಾಲೇಜಿನಲ್ಲಿ ಒಬ್ಬ ಬಲಿಷ್ಠ ಹುಡುಗ, ನಾಲ್ವರು ಜೊತೆಗೆ ಓಡುವವರು ಇರುವ ತಂಡಗಳಲ್ಲಿ ನಡೆಯುವುದೂ ಇದೇ.

ಲೆಕ್ಕದ ದಿಕ್ಕು ತಿರುಗಿದ್ದು ಅಮೆರಿಕದ ಅಂಕಿಅಂಶ ತಜ್ಞ ಡೀನ್ ಆಲಿವರ್‌ನಂಥವರು ಪಂದ್ಯವನ್ನು ನಿಮಿಷದಲ್ಲಿ ಅಳೆಯದೆ ಪೊಸೆಷನ್‌ನಲ್ಲಿ, ಅಂದರೆ ಚೆಂಡು ತಂಡದ ಕೈಗೆ ಬಂದು ಹೋಗುವ ಒಂದೊಂದು ಸರದಿಯಲ್ಲಿ, ಅಳೆಯತೊಡಗಿದ ಮೇಲೆ. ಒಂದು ಸರದಿ ಖರ್ಚಾಗುವುದು ಶಾಟ್‌ನಿಂದ, ಫ್ರೀ ಥ್ರೋನಿಂದ, ಇಲ್ಲವೇ ಚೆಂಡು ಕಳೆದುಕೊಂಡಾಗ. ಹಾಗಾದರೆ ಆಟಗಾರ ಎಷ್ಟು ಖರ್ಚು ಮಾಡಿ ಎಷ್ಟು ತಂದ ಎಂದು ಕೇಳಬೇಕು. ಅಂಗಡಿ ಲೆಕ್ಕ ಬಲ್ಲ ಯಾರಿಗೂ ಇದು ಹೊಸದಲ್ಲ: ಗಲ್ಲಾದಲ್ಲಿ ಬಿದ್ದದ್ದೆಲ್ಲ ಲಾಭವಲ್ಲ.

ಇದಕ್ಕೆ ಬಳಸುವ ಸೂತ್ರ ಸರಳ. ಶಾಟ್‌ಗಳ ಸಂಖ್ಯೆಗೆ ಫ್ರೀ ಥ್ರೋಗಳ 0.44 ಪಾಲು ಸೇರಿಸಿ, ಎರಡರಿಂದ ಗುಣಿಸಿ, ಬಂದದ್ದರಿಂದ ಪಾಯಿಂಟನ್ನು ಭಾಗಿಸುವುದು. (ಎರಡು ಫ್ರೀ ಥ್ರೋ ಸೇರಿ ಒಂದು ಸರದಿಯಾದ್ದರಿಂದ 0.5 ಎನ್ನಬಹುದಿತ್ತು, ಆದರೆ ಶಾಟ್ ಬಿದ್ದ ಮೇಲೆ ಸಿಗುವ ಒಂಟಿ ಫ್ರೀ ಥ್ರೋ ಬೇರೆ ಸರದಿ ತಿನ್ನುವುದಿಲ್ಲ. ಹಾಗಾಗಿ ತುಸು ಕಡಿಮೆ.) ಲೆಕ್ಕಕ್ಕೆಂದು ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳಿ. ಒಬ್ಬ 26 ಶಾಟ್, 6 ಫ್ರೀ ಥ್ರೋಗಳಲ್ಲಿ 28 ಪಾಯಿಂಟ್ ಮಾಡಿದ. 28ನ್ನು 57.28ರಿಂದ ಭಾಗಿಸಿದರೆ ಶೇ. 49. ಇನ್ನೊಬ್ಬ 10 ಶಾಟ್, 5 ಫ್ರೀ ಥ್ರೋಗಳಲ್ಲಿ 17 ಮಾಡಿದ. 17ನ್ನು 24.4ರಿಂದ ಭಾಗಿಸಿದರೆ ಶೇ. 70. ಶ್ರೇಷ್ಠ ಆಟಗಾರನ ಟ್ರೋಫಿ ಸಾಮಾನ್ಯವಾಗಿ ಮೊದಲಿನವನ ಕೈಗೆ ಹೋಗುತ್ತದೆ.

ಹಾಗೆಂದು ಎರಡನೆಯವನೇ ಭವಿಷ್ಯದ ತಾರೆ ಎನ್ನುವುದೂ ಅವಸರವೇ. ಹತ್ತು ಶಾಟ್ ಆಯ್ದು ಹೊಡೆಯುವುದು ಸುಲಭ. ಎದುರಾಳಿಯ ಒಳ್ಳೆಯ ಡಿಫೆಂಡರ್ ಮೈಗೆ ಅಂಟಿಕೊಂಡಿರುವಾಗ ಇಪ್ಪತ್ತು ಹೊಡೆಯುವುದು ಬೇರೆ ಕಸುಬು. ಅದಕ್ಕೇ ತಂಡದ ಸರದಿಗಳಲ್ಲಿ ಎಷ್ಟು ಪಾಲು ಇವನ ಕೈಯಲ್ಲಿ ಮುಗಿಯುತ್ತದೆ ಎಂಬುದನ್ನು ಜೊತೆಗಿಟ್ಟೇ ನೋಡುತ್ತಾರೆ. ಐವರಲ್ಲಿ ಸಮಪಾಲು ಎಂದರೆ ಶೇ. 20. ಶೇ. 30ರ ಹೊರೆ ಹೊತ್ತೂ ದಕ್ಷತೆ ಕುಸಿಯದವನೇ ಅಪರೂಪದವನು.

ಅಂಕಿ ಒಂದೇ ಇದ್ದು ಹಣೆಬರಹ ಬೇರೆಯಾದ ಮೂವರನ್ನು ಈ ವಿಷಯದಲ್ಲಿ ಬಿಡುವಂತೆಯೇ ಇಲ್ಲ. 2005-06ರಲ್ಲಿ ಗೊನ್‌ಜಾಗಾದ ಆಡಂ ಮಾರಿಸನ್ ಪಂದ್ಯಕ್ಕೆ 28.1 ಪಾಯಿಂಟ್ ಹೊಡೆದು ದೇಶಕ್ಕೇ ಮೊದಲಿಗನಾದ. 2008-09ರಲ್ಲಿ ಡೇವಿಡ್‌ಸನ್ ಎಂಬ ಚಿಕ್ಕ ಕಾಲೇಜಿನ ಸ್ಟೀಫನ್ ಕರ್ರಿ 28.6. 2010-11ರಲ್ಲಿ ಬ್ರಿಗಂ ಯಂಗ್‌ನ ಜಿಮ್ಮರ್ ಫ್ರೆಡೆಟ್ 28.9. ಡ್ರಾಫ್ಟಿನಲ್ಲಿ ಕ್ರಮವಾಗಿ 3, 7, 10ನೇ ಸ್ಥಾನ. ಮಾರಿಸನ್ ಮೊದಲ ವರ್ಷ ನೂರು ಶಾಟ್‌ಗೆ 38ರಷ್ಟೂ ಹಾಕಲಾರದೆ ಹೋದ, ಮರುವರ್ಷ ಮಂಡಿಯ ಅಸ್ಥಿರಜ್ಜು ಹರಿದುಕೊಂಡ. ಫ್ರೆಡೆಟ್ ಎನ್‌ಬಿಎಯಲ್ಲಿ ನೆಲೆ ಕಾಣಲಿಲ್ಲ. ಕರ್ರಿ ಎನ್‌ಬಿಎಯ ದಿಗ್ಗಜನಾದ ಕಥೆ ಹೇಳಬೇಕಿಲ್ಲ.

ವ್ಯತ್ಯಾಸ ಪಾಯಿಂಟಿನ ಪಕ್ಕದ ಕಾಲಮ್ಮುಗಳಲ್ಲಿತ್ತು. ಕರ್ರಿ ಆ ಕೊನೆಯ ವರ್ಷ ಪಾಯಿಂಟ್ ಗಾರ್ಡ್ ಆಗಿ ಚೆಂಡು ನಡೆಸಿ ಪಂದ್ಯಕ್ಕೆ ಐದಕ್ಕೂ ಹೆಚ್ಚು ಅಸಿಸ್ಟ್, ಎರಡಕ್ಕೂ ಹೆಚ್ಚು ಸ್ಟೀಲ್ ಮಾಡಿದ್ದ. ಸ್ಟೀಲ್ ಎಂಬುದು ಚಿಕ್ಕ ಅಂಕಿ, ಆದರೆ ಕೈಯ ಚುರುಕು ಮತ್ತು ಪಾಸ್ ಎಲ್ಲಿಗೆ ಬರುತ್ತದೆಂದು ಮೊದಲೇ ಓದುವ ಕಣ್ಣು ಎರಡೂ ಅದರಲ್ಲಿವೆ. ಮೇಲಿನ ಮಟ್ಟಕ್ಕೆ ಹೋದರೂ ಅವು ಸವೆಯುವುದಿಲ್ಲ. ಫ್ರೆಡೆಟ್‌ಗೆ ಅನ್ಯಾಯವಾಗಬಾರದು: ಅವನು ಮುಂದೆ ಚೀನಾದ ಲೀಗಿನಲ್ಲಿ ಒಂದೇ ಪಂದ್ಯದಲ್ಲಿ 70 ದಾಟಿದವನು, ವರ್ಷಗಟ್ಟಲೆ ಆಡಿ ಸಂಪಾದಿಸಿದವನು. ಎನ್‌ಬಿಎ ಸಿಗದವನು ಸೋತವನೆಂದು ತಿಳಿಯುವವರು ಆಟದ ಪೇಟೆ ಎಷ್ಟು ದೊಡ್ಡದೆಂದು ನೋಡಿಲ್ಲ.

ಇನ್ನು ಶೂಟಿಂಗ್. ಕಾಲೇಜು ಸೀಸನ್ ಎಂದರೆ ಅಲ್ಲಿ ಮೂವತ್ತು ಚಿಲ್ಲರೆ ಪಂದ್ಯ. ನೂರು ತ್ರೀ ಪಾಯಿಂಟರ್ ಎಸೆದ ಹುಡುಗನ ನಿಜವಾದ ಶಕ್ತಿ ಶೇ. 35 ಇದ್ದರೂ, ಬರೀ ಅದೃಷ್ಟದಿಂದಲೇ ಆ ವರ್ಷ 30 ಅಥವಾ 40 ಕಾಣಿಸಬಹುದು. ಫ್ರೀ ಥ್ರೋ ಹಾಗಲ್ಲ. ಗೆರೆಯಿಂದ ಬೋರ್ಡಿಗೆ ಅದೇ 15 ಅಡಿ, ಎದುರಿಗೆ ಯಾರೂ ಇಲ್ಲ, ಕೈಯ ಗುಣ ಮಾತ್ರ. 2017ರ ಡ್ರಾಫ್ಟಿನ ಮೊದಲ ಆಯ್ಕೆ ಮಾರ್ಕೆಲ್ ಫುಲ್ಟ್ಸ್ ಮತ್ತು ಎರಡನೇ ಆಯ್ಕೆ ಲಾಂಜೋ ಬಾಲ್ ಇಬ್ಬರೂ ಕಾಲೇಜಿನಲ್ಲಿ ಮೂರರ ಗೆರೆಯಿಂದ ಶೇ. 41 ಹಾಕಿದ್ದರು, ಫ್ರೀ ಥ್ರೋ ಮಾತ್ರ ಶೇ. 65 ಮತ್ತು 67ರ ಆಸುಪಾಸು. ಇಬ್ಬರಿಗೂ ಮುಂದೆ ಶೂಟಿಂಗ್ ಕಾಡಿತು. ಫುಲ್ಟ್ಸ್‌ಗೆ ಭುಜದ ಬಳಿ ನರ ಒತ್ತುವ ತೊಂದರೆ ಇದ್ದದ್ದು ಆಮೇಲೆ ಪತ್ತೆಯಾಯಿತು, ಹಾಗಾಗಿ ಎಲ್ಲವನ್ನೂ ಫ್ರೀ ಥ್ರೋ ಮೇಲೆ ಹೊರಿಸುವಂತಿಲ್ಲ. ಆದರೂ ಕಾಲೇಜಿನ ಮೂರರ ಶೇಕಡಾವಾರಿಗಿಂತ ಫ್ರೀ ಥ್ರೋ ಹೆಚ್ಚು ನಂಬಿಕಸ್ಥ ಸಾಕ್ಷಿ ಎಂದು ಪ್ರತಿಭೆ ಹುಡುಕುವ ಸ್ಕೌಟ್‌ಗಳು ಹೇಳುವುದು ಸುಮ್ಮನೆ ಅಲ್ಲ.

ಮೈಕಟ್ಟಿನ ವಿಷಯದಲ್ಲಿ ಎರಡು ಅಳತೆ ಸಾಕು. ಗೋಡೆಗೆ ಬೆನ್ನು ಕೊಟ್ಟು ಚಾಚಿದ ಎರಡು ಕೈಗಳ ತುದಿಯಿಂದ ತುದಿ, ಮತ್ತು ಹಿಮ್ಮಡಿ ಎತ್ತದೆ ಕೈ ಮೇಲಕ್ಕೆತ್ತಿದಾಗ ಬೆರಳು ಮುಟ್ಟುವ ಎತ್ತರ. ಬರಿಗಾಲಲ್ಲಿ ಅಳೆಯಬೇಕು, ಬೂಟು ಒಂದಂಗುಲವನ್ನು ಪುಕ್ಕಟೆ ಕೊಡುತ್ತದೆ. ಭಾರ ಎತ್ತುವ ಪರೀಕ್ಷೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ: ಮುಂದೆ ಎನ್‌ಬಿಎಯ ಮಹಾತಾರೆಯಾದ ಕೆವಿನ್ ಡ್ಯುರಾಂಟ್‌ಗೆ 2007ರಲ್ಲಿ 185 ಪೌಂಡಿನ ಬಾರ್ ಅನ್ನು ಒಮ್ಮೆಯೂ ಎತ್ತಲಾಗಲಿಲ್ಲ.

ವಯಸ್ಸು ಅಂಕಿಗಳಷ್ಟೇ ಮುಖ್ಯ, ನಮ್ಮಲ್ಲಿ ಇದನ್ನು ಮರೆಯುವವರೇ ಹೆಚ್ಚು. 1971ರಲ್ಲಿ ಸ್ಪೆನ್ಸರ್ ಹೇವುಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಧ್ಯೆ ಬರುವವರೆಗೂ ಹೈಸ್ಕೂಲು ಮುಗಿಸಿ ನಾಲ್ಕು ವರ್ಷ ಆಗದವನಿಗೆ ಎನ್‌ಬಿಎ ಬಾಗಿಲು ಮುಚ್ಚಿತ್ತು. ಬಾಗಿಲು ತೆರೆದ ಮೇಲೆ, ಮುಂದೆ ಮಹಾತಾರೆಗಳಾದ ಗಾರ್ನೆಟ್, ಕೋಬಿ, ಲೆಬ್ರಾನ್ ಶಾಲೆಯಿಂದಲೇ ನೇರ ಹೋದರು. 2006ರ ಡ್ರಾಫ್ಟಿನಿಂದ ಕನಿಷ್ಠ 19 ವರ್ಷ ಎಂದಾಯಿತು. ಹೀಗಾಗಿ ಮೊದಲ ವರ್ಷದ ಕಾಲೇಜು ಹುಡುಗನನ್ನೂ 22ರ ಅಣ್ಣನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕೆಲಸ ಸ್ಕೌಟ್‌ಗಳ ಪಾಲಿಗೆ ಬಂತು. ಹತ್ತೊಂಬತ್ತರಲ್ಲಿ 15 ಪಾಯಿಂಟ್ ಎಂದರೆ ಇಪ್ಪತ್ತೆರಡರ 20ಕ್ಕಿಂತ ಹೆಚ್ಚಿನ ಸುಳಿವು. ನಮ್ಮಲ್ಲಿ ಸ್ನಾತಕೋತ್ತರಕ್ಕೆ ಸೇರಿ ಇನ್ನೂ ಯೂನಿವರ್ಸಿಟಿಗೆ ಆಡುವ ಇಪ್ಪತ್ನಾಲ್ಕರ ಗಂಡಸು ಹದಿನೆಂಟರ ಹುಡುಗರ ಮೇಲೆ 30 ಹೊಡೆದರೆ ಅದರಿಂದ ತಿಳಿಯುವುದು ಕಮ್ಮಿ.

ಭಾರತದಲ್ಲಿ ‘ಪ್ರೊಫೆಷನಲ್’ ಎಂಬ ಮಾತಿಗೇ ಬಹುಕಾಲ ಬೇರೆ ಅರ್ಥವಿತ್ತು: ಸ್ಪೋರ್ಟ್ಸ್ ಕೋಟಾದ ನೌಕರಿ. ರೈಲ್ವೆ, ಸೈನ್ಯ, ಬ್ಯಾಂಕು. ಬೆಂಗಳೂರಿನ ವಿಜಯಾ ಬ್ಯಾಂಕ್ ತಂಡದ ಹೆಸರು ಮುಂಬೈಯ ಕರಾವಳಿ ಮನೆಗಳಿಗೆ ಹೊಸದಲ್ಲ. 2019ರಲ್ಲಿ ಬ್ಯಾಂಕೇ ವಿಲೀನವಾಯಿತು. ನಾಗ್ಪಾಡಾ ಭಾರತ ತಂಡದ ನಾಯಕ ಅಬ್ಬಾಸ್ ಮುಂತಸಿರ್ ಅವರನ್ನು ಕೊಟ್ಟಿತು. ಅವರಿಗೆ 1970ರ ಅರ್ಜುನ ಪ್ರಶಸ್ತಿ ಬಂತು. (ಆ ಓಣಿಯವರಿಗೆ ಎನ್‌ಬಿಎ ಎಂದರೆ ಇಂದಿಗೂ ಮೊದಲು ನಾಗ್ಪಾಡಾ ಬಾಸ್ಕೆಟ್‌ಬಾಲ್ ಅಸೋಸಿಯೇಷನ್.) ಆಟವನ್ನೇ ಸಂಬಳವಾಗಿಸುವ ಯತ್ನ ಬಂದದ್ದು ತಡವಾಗಿ. 2015ರಲ್ಲಿ ಶುರುವಾದ ಯುಬಿಎ ಲೀಗಿನಲ್ಲಿ ಮುಂಬೈ ಚಾಲೆಂಜರ್ಸ್, ಪುಣೆ ಪೇಶ್ವಾಸ್ ಇದ್ದವು, ಎರಡೇ ವರ್ಷಗಳಲ್ಲಿ ಅದು ನಿಂತಿತು. ಐಎನ್‌ಬಿಎಲ್ ಎಂಬ ಇನ್ನೊಂದು ಲೀಗ್ 2022ರಲ್ಲಿ ಬಂತು, ಅದರ ಪ್ರೊ ಲೀಗ್ 2025ರ ಜನವರಿಯಲ್ಲಿ.

ಅದೇ 2015ರ ಜೂನಿನಲ್ಲಿ ಪಂಜಾಬಿನ ಸತ್ನಾಮ್ ಸಿಂಗ್‌ನನ್ನು ಎನ್‌ಬಿಎಯ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತು. ಎನ್‌ಬಿಎ ಡ್ರಾಫ್ಟಿನಲ್ಲಿ ಭಾರತದಲ್ಲಿ ಹುಟ್ಟಿದವನು ಅವನೇ ಮೊದಲಿಗ. ಏಳು ಅಡಿ ಎರಡಂಗುಲ. ಆದರೆ ಎನ್‌ಬಿಎ ಪಂದ್ಯ ಆಡುವ ಯೋಗ ಬರಲಿಲ್ಲ. ಆ ತಿಂಗಳೇ ಗೋಲ್ಡನ್ ಸ್ಟೇಟ್ ತಂಡ ಬುಟ್ಟಿಯ ಬಳಿ ಆಡುವ ತನ್ನ ಎತ್ತರದ ಸೆಂಟರ್‌ನನ್ನು ಬೆಂಚಿಗೆ ಕಳಿಸಿ ಫೈನಲ್ ಗೆದ್ದಿತ್ತು. ನಿಧಾನಗತಿಯ ಸೆಂಟರ್‌ಗಳ ಬೇಡಿಕೆ ಇಳಿಯುತ್ತಿದ್ದ ಹೊತ್ತಿಗೆ ಅವನು ಪೇಟೆಗೆ ಬಂದ. ನಮ್ಮ ಆಯ್ಕೆದಾರರು ಇಂದಿಗೂ ಮೊದಲು ಎತ್ತರ ನೋಡುವುದನ್ನು ಕಂಡರೆ ಈ ಪಾಠ ತಲುಪಿದಂತಿಲ್ಲ.

ಹಾಗಾದರೆ ಇಲ್ಲಿಯ ಹುಡುಗನನ್ನು ಅಳೆಯುವುದು ಹೇಗೆ? ಹಾಳೆಯನ್ನು ನಾವೇ ಮಾಡಿಕೊಳ್ಳಬೇಕು. ಅರ್ಧ ಕೋರ್ಟಿನ ಚಿತ್ರ, ಕ್ವಾರ್ಟರಿಗೆ ಒಂದು. ಬಿದ್ದ ಶಾಟ್‌ಗೆ ತುಂಬಿದ ಚುಕ್ಕೆ, ತಪ್ಪಿದ್ದಕ್ಕೆ ಖಾಲಿ ಸೊನ್ನೆ, ಅದರ ಪಕ್ಕ ಶಾಟ್‌ಗೆ ಮುಂಚೆ ಎಷ್ಟು ಡ್ರಿಬಲ್ (ಚೆಂಡನ್ನು ನೆಲಕ್ಕೆ ಬಡಿದದ್ದು): 0, 1-2, ಅಥವಾ 3+. ಇದು ಬಹಳ ಮುಖ್ಯ. ಕಾಲೇಜಿನಲ್ಲಿ ಚೆಂಡು ಸದಾ ಅವನ ಕೈಯಲ್ಲಿ. ಮೇಲಿನ ತಂಡದಲ್ಲಿ ಅವನು ಮೂಲೆಯಲ್ಲಿ ನಿಂತು ಪಾಸ್ ಬಂದೊಡನೆ ಎಸೆಯಬೇಕಾದವನು. ಸೊನ್ನೆ ಡ್ರಿಬಲ್‌ನ ಸಾಲು ಬಡವಾಗಿದ್ದರೆ ಅಲ್ಲಿ ಅವನಿಗೆ ಕೆಲಸವಿಲ್ಲ. ಒಬ್ಬರು ನೋಡಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಒಬ್ಬರೇ ಮಾಡಹೊರಟರೆ ತಲೆ ತಗ್ಗಿಸಿದಾಗಲೇ ಸ್ಟೀಲ್ ಆಗಿರುತ್ತದೆ. ಮೊಬೈಲನ್ನು ಮಧ್ಯಗೆರೆಯ ನೇರಕ್ಕೆ ಎತ್ತರದಲ್ಲಿ ಕಟ್ಟಿಟ್ಟು ಹತ್ತೂ ಜನ ಕಾಣುವಂತೆ ಬಿಡಿ. ಚೆಂಡಿನ ಹಿಂದೆ ಕ್ಯಾಮೆರಾ ತಿರುಗಿಸಿದರೆ ಡಿಫೆನ್ಸ್ ಕಾಣಿಸುವುದೇ ಇಲ್ಲ.

ಲೆಕ್ಕ ಕೆಡಿಸುವ ಸಂಗತಿಗಳು ಇಲ್ಲಿ ಬೇರೆಯೇ ಇವೆ. ಆಟದ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಮೂರರ ಗೆರೆಯನ್ನು 2010ರಲ್ಲಿ 6.25ರಿಂದ 6.75 ಮೀಟರಿಗೆ ಸರಿಸಿತು. ಕೆಲವು ಹಳೆಯ ಸಿಮೆಂಟ್ ಕೋರ್ಟುಗಳಲ್ಲಿ ಎರಡೂ ಗೆರೆ ಮಸುಕಾಗಿ ಉಳಿದಿರುತ್ತವೆ. ರಿಂಗಿನ ಮಧ್ಯದ ನೇರ ಕೆಳಗಿನ ಬಿಂದುವಿನಿಂದ ಟೇಪು ಹಿಡಿದು ನೋಡಿ. ಎನ್‌ಬಿಎ ಗೆರೆ 7.24 ಮೀಟರ್ ಎಂಬುದನ್ನೂ ನೆನಪಿಡಿ. ಬಯಲು ಕೋರ್ಟಿನಲ್ಲಿ ಸಂಜೆ ಗಾಳಿ, ಗಟ್ಟಿ ರಿಂಗು ಸೇರಿದರೆ ಒಳ್ಳೆಯ ಶೂಟರನ ಶೇಕಡಾವಾರೂ ಇಳಿಯುತ್ತದೆ. ಇಷ್ಟರೊಳಗೆ ಶಾಟ್ ಎಸೆಯಲೇಬೇಕು ಎನ್ನುವ 24 ಸೆಕೆಂಡಿನ ಗಡಿಯಾರ ಇಲ್ಲದ ಪಂದ್ಯದಲ್ಲಿ ತಾರೆ ತನಗೆ ಬೇಕಾದಷ್ಟು ಹೊತ್ತು ಚೆಂಡು ಬಡಿಯುತ್ತ ನಿಲ್ಲುತ್ತಾನೆ. ಆ 30ನ್ನು ಬೇರೆ ಪುಟದಲ್ಲಿ ಬರೆಯುವುದು ಒಳ್ಳೆಯದು. ನಾಕೌಟ್ ಟೂರ್ನಿಯಲ್ಲಿ ಮೊದಲ ಸುತ್ತಿನ ಬಡಪಾಯಿ ತಂಡದ ಮೇಲೆ ಹೊಡೆದದ್ದನ್ನೂ ಸೆಮಿಫೈನಲ್‌ನದನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ.

ಇಷ್ಟು ಬರೆದಿಟ್ಟುಕೊಂಡು ಟ್ರಯಲ್‌ಗೆ ಕಳಿಸಿದರೆ ಹುಡುಗ ಒಂದು ವಿಚಿತ್ರ ಕಾಣುತ್ತಾನೆ. ಅಲ್ಲಿಗೆ ಬಂದವರೆಲ್ಲ ತಮ್ಮ ತಮ್ಮ ಕಾಲೇಜಿನ 30 ಪಾಯಿಂಟ್ ಹುಡುಗರೇ. ಹತ್ತು ನಿಮಿಷದ ಆಟದಲ್ಲಿ ಎಲ್ಲರಿಗೂ ಶಾಟ್ ಬೇಕು, ಚೆಂಡು ಒಂದೇ. ಉಳಿದ ಹೊತ್ತು ಅವನು, ಎದುರಾಳಿ ಅಡ್ಡ ನಿಲ್ಲುತ್ತಿದ್ದಾನೆಂದು ಜೊತೆಯವನಿಗೆ ಬಾಯಿಬಿಟ್ಟು ‘ಸ್ಕ್ರೀನ್ ಎಡಕ್ಕೆ’ ಎಂದು ಕೂಗಿದನೇ, ಶಾಟ್ ಮೇಲೇರಿದಾಗ ಚೆಂಡು ನೋಡುತ್ತ ನಿಲ್ಲದೆ ಎದುರಾಳಿಯನ್ನು ಬೆನ್ನಿನಿಂದ ತಡೆದನೇ, ಚೆಂಡು ಕಳೆದುಕೊಂಡ ಮೇಲೆ ಮೊದಲ ಮೂರು ಹೆಜ್ಜೆ ಹಿಂದಕ್ಕೆ ಓಡಿದನೇ, ಇಲ್ಲ ರೆಫ್ರಿಯ ಕಡೆ ಕೈಚಾಚಿದನೇ? ಕೋಚ್ ಕೈಯಲ್ಲಿನ ಕಾಗದದಲ್ಲಿ ಬೀಳುವ ಗುರುತುಗಳು ಹೆಚ್ಚಾಗಿ ಇವಕ್ಕೇ.