ಕೈಗೆ ತಾಗಿದ್ದೆಲ್ಲ ಪೆನಾಲ್ಟಿ ಅಲ್ಲ

ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸ್‌ಗೂ ಪಂದ್ಯ ಇದ್ದ ದಿನ ಕೇರಳದ ಗಡಿಯಲ್ಲಿರುವ ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಒಂದೇ ಮನೆಯಲ್ಲಿ ಎರಡು ಪಕ್ಷ. ಅಣ್ಣನದು ಬೆಂಗಳೂರಿನ ನೀಲಿ ಅಂಗಿ, ತಮ್ಮನದು ಬ್ಲಾಸ್ಟರ್ಸ್‌ನ ಹಳದಿ. ಇಬ್ಬರೂ ಓದಿದ್ದು ಒಂದೇ ಕನ್ನಡ ಶಾಲೆಯಲ್ಲಿ. ಪಂದ್ಯ ಮುಗಿದ ಕೂಡಲೇ ಇಬ್ಬರಿಂದಲೂ ನನಗೆ ಫೋನ್. ನಾನು ಅವರಿಗೆ ಆಟ ಕಲಿಸಿದ ಪಿಟಿ ಮಾಷ್ಟ್ರು. ಬೇಸಿಗೆಯಲ್ಲಿ ಸುತ್ತಲಿನ ಸೆವೆನ್ಸ್ (ಏಳೇಳು ಜನ ಆಡುವ) ಪಂದ್ಯಗಳಿಗೆ ರೆಫ್ರಿಯಾಗಿ ಹೋಗುತ್ತೇನೆ.

"ಮಾಷ್ಟ್ರೇ, ವಿಸಿಲ್ ಊದದೆ ಗೋಲ್ ಕೊಡುವುದು ಹೇಗೆ?" 2023ರ ಮಾರ್ಚ್ 3ರ ರಾತ್ರಿ ತಮ್ಮ ಕೇಳಿದ್ದು ಇದನ್ನೇ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 90 ನಿಮಿಷ ಗೋಲಿಲ್ಲದೆ ಮುಗಿದು ಹೆಚ್ಚುವರಿ ಸಮಯ ನಡೆಯುತ್ತಿತ್ತು. ಬ್ಲಾಸ್ಟರ್ಸ್ ಹುಡುಗರು ಚೆಂಡಿಗೆ ಅಡ್ಡ ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟುತ್ತಿದ್ದಾಗಲೇ ಬೆಂಗಳೂರಿನ ಸುನಿಲ್ ಛೆಟ್ರಿ ಫೌಲ್‌ಗೆ ಸಿಕ್ಕ ಫ್ರೀ ಕಿಕ್ ಒದ್ದರು, ಗೋಲ್ ಆಯಿತು. ಬ್ಲಾಸ್ಟರ್ಸ್ ಕೋಚ್ ವುಕೊಮನೊವಿಚ್ ತಂಡವನ್ನೇ ಹೊರಗೆ ಕರೆದರು. ಆಮೇಲೆ ಫುಟ್‌ಬಾಲ್ ಫೆಡರೇಶನ್ನಿನ ಶಿಸ್ತು ಸಮಿತಿ ಬ್ಲಾಸ್ಟರ್ಸ್‌ನ ದೂರನ್ನು ತಳ್ಳಿಹಾಕಿ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಹಾಕಿತು.

ಫ್ರೀ ಕಿಕ್‌ಗೆ ವಿಸಿಲ್ ಬೇಕೇ ಬೇಕು ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ. ನಿಯಮದಲ್ಲಿ ಹಾಗಿಲ್ಲ. ಚೆಂಡು ಅಲುಗದೆ ನಿಂತಿದ್ದರೆ ಒದೆಯಬಹುದು. 9.15 ಮೀಟರ್ ದೂರ ಅಳೆದು ಕೊಡಿ ಎಂದು ಒದೆಯುವವರೇ ಕೇಳಿದರೆ, ಕಾರ್ಡ್ ತೋರಿಸುವುದಿದ್ದರೆ, ಯಾರಿಗಾದರೂ ಪೆಟ್ಟಾಗಿದ್ದರೆ ಆಗ ರೆಫ್ರಿ ವಿಸಿಲ್ ಎತ್ತಿ ತೋರಿಸುತ್ತಾರೆ. ತೋರಿಸಿದ ಮೇಲೆ ಕಾಯಲೇಬೇಕು. ದೂರ ನಿಲ್ಲುವುದು ಫೌಲ್ ಮಾಡಿದ ತಂಡದ ಕೆಲಸ. ಗೋಡೆ ಕಟ್ಟಲು ಸಮಯ ಕೊಡಿ ಎಂದು ಕೇಳುವ ಹಕ್ಕು ಅವರಿಗಿಲ್ಲ. ಆ ರಾತ್ರಿ ಇದ್ದದ್ದು ಒಂದೇ ಪ್ರಶ್ನೆ: ಕಾಯಿರಿ ಎಂದು ರೆಫ್ರಿ ಹೇಳಿದ್ದರೋ ಇಲ್ಲವೋ? ಹೇಳಿರದಿದ್ದರೆ ಅದು ಗೋಲೇ. ತಮ್ಮನ ಹೊಟ್ಟೆಯುರಿ ನನಗೆ ಅರ್ಥವಾಗುತ್ತದೆ. ಆದರೆ ತಂಡ ಮೈದಾನ ಬಿಟ್ಟು ಹೋದದ್ದನ್ನು ನಾನು ಒಪ್ಪುವುದಿಲ್ಲ. ಆ ಪಂದ್ಯದ ನಂತರ ನಾನೂ ಒಂದು ರೂಢಿ ಮಾಡಿಕೊಂಡೆ. ಕಾಯಬೇಕಿದ್ದರೆ ವಿಸಿಲ್ ತೋರಿಸುವುದರ ಜೊತೆಗೆ ಎರಡೂ ಕ್ಯಾಪ್ಟನ್‌ಗಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ಹ್ಯಾಂಡ್‌ಬಾಲ್. ಅತಿ ಜಾಸ್ತಿ ಜಗಳ ಇದರ ಮೇಲೆ. ಚೆಂಡು ಕೈಗೆ ತಾಗಿತು ಅಂದರೆ ಸಾಕು, ಹಗ್ಗದ ಆಚೆಯಿಂದ "ಹ್ಯಾಂಡ್! ಹ್ಯಾಂಡ್!" ಎಂದು ಕೂಗು ಶುರು. ತಾಗಿತೋ ಇಲ್ಲವೋ ಎನ್ನುವಲ್ಲಿಗೆ ರೆಫ್ರಿಯ ಕೆಲಸ ಮುಗಿಯುವುದಿಲ್ಲ. ತಾಗಿದ್ದು ಎಲ್ಲಿಗೆ? ನಿಯಮದ ಲೆಕ್ಕದಲ್ಲಿ ಕೈ ಶುರುವಾಗುವುದು ಕಂಕುಳಿನ ಕೆಳತುದಿಯ ಮಟ್ಟದಿಂದ, ಭುಜ ಲೆಕ್ಕಕ್ಕಿಲ್ಲ. ಬೇಕೆಂದೇ ಕೈ ಕೊಟ್ಟನೇ? ಇಲ್ಲದಿದ್ದರೆ, ಅವನ ಕೈ ಆಗ ಅಲ್ಲಿರಲು ಕಾರಣವಿತ್ತೇ? ಓಡುವವನ ಕೈ ಬೀಸುತ್ತದೆ, ಹಾರುವವನ ಕೈ ಮೇಲೇಳುತ್ತದೆ. ಕಾರಣವಿಲ್ಲದೆ ಕೈ ಚಾಚಿ ಮೈಯನ್ನು ಅಗಲ ಮಾಡಿಕೊಂಡಿದ್ದರೆ ಮಾತ್ರ ತಪ್ಪು. ಗೋಲ್ ಹೊಡೆದವನದೇ ಕೈಗೆ ತಾಗಿ ಚೆಂಡು ಒಳಗೆ ಹೋದರೆ ಮಾತು ಬೇರೆ. ಅದು ಅರಿಯದೆ ಆದರೂ ಗೋಲ್ ಇಲ್ಲ.

ಫೋನಿನಲ್ಲಿ ವಿಡಿಯೋ ನಿಧಾನ ಮಾಡಿ ತೋರಿಸಿ "ನೋಡಿ ಮಾಷ್ಟ್ರೇ, ಬೇಕೆಂದೇ ಮಾಡಿದ್ದಲ್ವಾ?" ಎನ್ನುವವರಿದ್ದಾರೆ. ನಿಧಾನ ಮಾಡಿದರೆ ಎಲ್ಲವೂ ಬೇಕೆಂದೇ ಮಾಡಿದಂತೆ ಕಾಣುತ್ತದೆ. ಅದಕ್ಕೇ ವಿಎಆರ್ (ವಿಡಿಯೋ ನೋಡಿ ರೆಫ್ರಿಗೆ ನೆರವಾಗುವ ವ್ಯವಸ್ಥೆ) ಇರುವ ಕಡೆಯೂ ಒಂದು ಪದ್ಧತಿಯಿದೆ. ಚೆಂಡು ಎಲ್ಲಿ ತಾಗಿತು ಎಂದು ನೋಡಲು ನಿಧಾನದ ಚಿತ್ರ, ಅದು ಹ್ಯಾಂಡ್‌ಬಾಲ್ ತಪ್ಪೇ ಎಂದು ತೀರ್ಮಾನಿಸಲು ಸಹಜ ವೇಗದ ಚಿತ್ರ.

ಪೆನಾಲ್ಟಿ ಒದೆಯುವಾಗ ನನ್ನ ಕಣ್ಣು ಇರುವುದು ಗೋಲ್ ಕಾಯುವ ಗೋಲಿಯ ಪಾದದ ಮೇಲೆ. ಒದೆಯುವ ಕ್ಷಣದಲ್ಲಿ ಅವನ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ, ಇಲ್ಲವೇ ಅದರ ಹಿಂದೆ ಇರಬೇಕು. ಒಮ್ಮೆ ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಪಂದ್ಯ. ಮುಗಿಯಲು ಮೂರು ನಿಮಿಷ ಇದ್ದಾಗ ಪೆನಾಲ್ಟಿ ಕೊಟ್ಟೆ. ಸುಣ್ಣದ ಗೆರೆ ಆಗಲೇ ಅಳಿಸಿ ಹೋಗಿತ್ತು. ಸುಣ್ಣ ತರಿಸಿ ಗೋಲ್ ಬಾಯಿಯಲ್ಲಿ ಮತ್ತೆ ಗೆರೆ ಎಳೆದೆ. ಗೋಲಿ ಚೆಂಡು ತಡೆದ. ಆದರೆ ಒದೆಯುವ ಮೊದಲೇ ಅವನ ಎರಡೂ ಪಾದ ಮುಂದಿದ್ದವು. ಇನ್ನೊಮ್ಮೆ ಒದೆಯಲಿ ಅಂದೆ. ಅವನ ಕಡೆಯವರು ಹಗ್ಗ ದಾಟಿ ಬಂದರು. ನಾನು ಕ್ಯಾಪ್ಟನ್‌ನನ್ನು ಕರೆದು ತೋರಿಸಿದೆ. ಬಿಳಿ ಗೆರೆ ಇದ್ದ ಹಾಗೇ ಇತ್ತು, ಹೆಬ್ಬೆರಳು ಊರಿ ಜಿಗಿದ ಗುರುತು ಗೆರೆಯಿಂದ ಎರಡು ಗೇಣು ಮುಂದೆ. ಅವನು ಬಗ್ಗಿ ನೋಡಿ ತನ್ನವರನ್ನು ಹಿಂದೆ ಕಳಿಸಿದ. ಗೋಲಿಗೆ ಮೊದಲ ಸಲ ಎಚ್ಚರಿಕೆ ಅಷ್ಟೇ. ಮತ್ತೆ ಮಾಡಿ ಇನ್ನೊಮ್ಮೆ ಒದೆಸಬೇಕಾಗಿ ಬಂದರೆ ಹಳದಿ ಕಾರ್ಡ್.

ಎರಡನೇ ಸಲ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಈಗ ಆ ಕಡೆಯವರ ಸರದಿ. "ಗೋಲಿ ಈಗಲೂ ಮುಂದೆ ಬಂದಿದ್ದಾನೆ, ಮೂರನೇ ಸಲ ಕೊಡಿ!" ಬಂದದ್ದು ನಿಜ. ಆದರೆ ಚೆಂಡು ಹೊರಗೆ ಹೋದಾಗ ಇಲ್ಲವೇ ಕಂಬಕ್ಕೆ ಬಡಿದಾಗ, ಗೋಲಿಯ ಚಲನೆಯಿಂದ ಒದೆಯುವವನಿಗೆ ಸ್ಪಷ್ಟವಾಗಿ ತೊಂದರೆಯಾಗಿದ್ದರೆ ಮಾತ್ರ ಮತ್ತೆ ಒದೆತ. ಇಲ್ಲಿ ಹಾಗಾಗಿರಲಿಲ್ಲ. ಕೊಡಲಿಲ್ಲ. ಐದೇ ನಿಮಿಷದಲ್ಲಿ ಎರಡೂ ಕಡೆಯವರಿಗೆ ನನ್ನ ಮೇಲೆ ಸಿಟ್ಟು.

ಸಿಟ್ಟು ಬರುವುದು ಆಟದ ಮೇಲಿನ ಪ್ರೀತಿಯಿಂದ. ನನಗೆ ಸಂಕಟವಾಗುವುದು ನಿಯಮ ಓದದೆ ಸುಮ್ನೆ "ದುಡ್ಡು ತಿಂದಿದ್ದಾನೆ" ಅಂದಾಗ. ಆ ಮಾತು ಕೇಳಿ ವಿಸಿಲ್ ಇಟ್ಟುಬಿಟ್ಟ ಹುಡುಗರನ್ನು ನಾನು ನೋಡಿದ್ದೇನೆ. ಒಳ್ಳೆಯ ಕಣ್ಣಿದ್ದ ಹುಡುಗರು ಅವರು.

ಹಾಗಾಗಿ ಶಾಲೆಯಲ್ಲಿ ಪಿಟಿ ಪೀರಿಯಡ್‌ನಲ್ಲಿ ಅತಿ ಹೆಚ್ಚು ವಾದಿಸಿದವನ ಕೈಗೇ ವಿಸಿಲ್ ಕೊಡುತ್ತೇನೆ. ಕಳೆದ ವಾರ ಏಳನೇ ತರಗತಿಯ ಒಬ್ಬನ ಸರದಿ. ಗೋಲ್ ಮುಂದೆ ಚೆಂಡು ಒಬ್ಬನ ಮೊಣಕೈಗೆ ಬಡಿಯಿತು. ಎಲ್ಲರೂ "ಹ್ಯಾಂಡ್!" ಎಂದು ಕಿರುಚಿದರು. ಅವನು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನು ವಿಸಿಲನ್ನು ಬಾಯಿಂದ ತೆಗೆದು, ಎರಡೂ ಕೈ ಮುಂದೆ ಚಾಚಿ ಕೂಗಿದ: "ಕೈ ಮೈಗೆ ಅಂಟಿತ್ತು! ಆಡಿ, ಆಡಿ!"