ಕುಣಿಯುವ ಕಡಲಿಗೆ ಮಿಲಿಮೀಟರ್ ಲೆಕ್ಕ

ಉಪಗ್ರಹ ಕಡಲ ಮಟ್ಟ ಅಳೆಯುತ್ತದೆ ಅಂದರೆ ಮೇಲಿಂದ ಫೋಟೋ ತೆಗೆದು ಕರಾವಳಿ ಎಷ್ಟು ಮುಳುಗಿದೆ ನೋಡುತ್ತದೆ ಎಂದುಕೊಂಡವರೇ ಜಾಸ್ತಿ. ಹಾಗಲ್ಲ. ಅದು ನೇರ ಕೆಳಕ್ಕೆ ರೇಡಾರ್ ಸಿಗ್ನಲ್ ಬಿಡುತ್ತದೆ. ನೀರಿಗೆ ತಾಗಿ ವಾಪಸ್ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತಾರೆ. ಉಪಗ್ರಹದ ಎತ್ತರದಲ್ಲಿ ಆ ದೂರ ಕಳೆದರೆ ಕಡಲ ಮಟ್ಟ ಸಿಗುತ್ತದೆ.

ಸುಲಭ ಅಲ್ವಾ? ಆದರೆ 1992ರಲ್ಲಿ ಅಮೆರಿಕ, ಫ್ರಾನ್ಸ್ ಸೇರಿ ಹಾರಿಸಿದ ಟೋಪೆಕ್ಸ್-ಪೊಸೈಡನ್ ಸುತ್ತುತ್ತಿದ್ದದ್ದು 1,336 ಕಿ.ಮೀ. ಮೇಲೆ. ಅಲ್ಲಿಂದ ಒಂದು ಸೆಂಟಿಮೀಟರ್ ವ್ಯತ್ಯಾಸ ಹಿಡಿಯಬೇಕು ಅಂದರೆ, ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿ ಅದರಲ್ಲಿ ಸುಮಾರು 67 ಚೂರಿನಷ್ಟು ಸಮಯ ಗುರುತಿಸಬೇಕು. ಕೆಳಗಿನ ಕಡಲೋ, ಸುಮ್ನೆ ನಿಲ್ಲುವುದಿಲ್ಲ. ಎರಡು ಮೂರು ಮೀಟರ್ ಅಲೆಗಳು ಅಲ್ಲಿ ಮಾಮೂಲಿ.

ಇಲ್ಲಿದೆ ನೋಡಿ ನನಗೆ ಬಹಳ ಇಷ್ಟವಾದ ಉಪಾಯ. ಸಿಗ್ನಲ್ ನೀರಿನ ಒಂದು ಚುಕ್ಕಿಗೆ ಬಡಿಯುವುದಿಲ್ಲ, ಹಲವು ಕಿಲೋಮೀಟರ್ ಅಗಲದ ಜಾಗಕ್ಕೆ ಬಡಿಯುತ್ತದೆ. ಅಲೆಗಳ ನೆತ್ತಿ ಎತ್ತರದಲ್ಲಿರುವುದರಿಂದ ಮೊದಲು ಅಲ್ಲಿಂದ ಪ್ರತಿಧ್ವನಿ ಬರುತ್ತದೆ. ನಡುವಿನ ತಗ್ಗುಗಳದ್ದು ತುಸು ತಡ. ಕಡಲು ಶಾಂತವಾಗಿದ್ದರೆ ಪ್ರತಿಧ್ವನಿ ಒಮ್ಮೆಲೇ ಜೋರಾಗುತ್ತದೆ, ಕೆರಳಿದ್ದರೆ ನಿಧಾನಕ್ಕೆ ಏರುತ್ತದೆ. ಆ ಏರಿಕೆಯ ನಡುಮಧ್ಯ ಹಿಡಿದರೆ ನೀರಿನ ಸರಾಸರಿ ಮಟ್ಟ. ಏರಿಕೆ ಎಷ್ಟು ಕಡಿದಾಗಿದೆ ಎಂಬುದರಿಂದ ಅಲೆಗಳ ಎತ್ತರವೂ ಗೊತ್ತಾಗುತ್ತದೆ! ಅಡ್ಡಿ ಅಂದುಕೊಂಡದ್ದೇ ಮಾಹಿತಿಯಾಯಿತು.

ಇಷ್ಟಾದರೂ ಒಂದೊಂದು ಅಳತೆಯಲ್ಲಿ ಕೆಲವು ಸೆಂಟಿಮೀಟರ್ ತಪ್ಪು ಉಳಿಯುತ್ತದೆ. ಸುಮಾರು ಹತ್ತು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಸುತ್ತಿ ಲಕ್ಷಗಟ್ಟಲೆ ಅಳತೆ ತಂದಾಗ ಹೆಚ್ಚುಕಮ್ಮಿಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಆದರೆ ಒಂದೇ ಕಡೆಗೆ ವಾಲುವ ತಪ್ಪು ಹೀಗೆ ಅಳಿಸುವುದಿಲ್ಲ. ಗಾಳಿಯ ತೇವ ಸಿಗ್ನಲನ್ನು ತಡ ಮಾಡುತ್ತದೆ, ಅದನ್ನು ಅಳೆಯಲು ಬೇರೆ ಉಪಕರಣವೇ ಬೇಕು. ಉಪಗ್ರಹದ ಎತ್ತರವನ್ನು ನೆಲದಿಂದ ಲೇಸರ್ ಬಿಟ್ಟೂ, ಜಿಪಿಎಸ್‌ನಿಂದಲೂ ಪರೀಕ್ಷಿಸಬೇಕು.

ಇದಕ್ಕೆ ಮುಂಚೆ ಬಂದರುಗಳಲ್ಲಿ ನೆಟ್ಟ ಮಾಪಕಗಳೇ ಗತಿ. ಆಮ್‌ಸ್ಟರ್‌ಡ್ಯಾಂನಲ್ಲಿ 1700ರಿಂದ, ಸ್ಟಾಕ್‌ಹೋಮ್‌ನಲ್ಲಿ 1774ರಿಂದ ದಾಖಲೆ ಇದೆ. ಸ್ಟಾಕ್‌ಹೋಮ್‌ನಲ್ಲಂತೂ ಕಡಲು ಇಳಿಯುತ್ತಿರುವಂತೆ ಕಾಣುತ್ತದೆ. ಹಿಮಯುಗದ ಮಂಜುಗಡ್ಡೆಯ ಭಾರ ಇಳಿದ ಮೇಲೆ ಅಲ್ಲಿನ ನೆಲವೇ ಇನ್ನೂ ಮೇಲೇಳುತ್ತಿದೆ. ದೋಣಿಯಲ್ಲಿ ಕೂತು ಕೆರೆಯ ಮಟ್ಟ ಅಳೆದ ಹಾಗೆ! ಉಪಗ್ರಹದ ಅಳತೆ ಭೂಮಿಯ ಕೇಂದ್ರದಿಂದ ಶುರುವಾಗುವುದರಿಂದ ಈ ತಾಪತ್ರಯ ಇಲ್ಲ. ಹಾಗಂತ ಹಳೆಯ ಮಾಪಕಗಳನ್ನು ಹೀಗಳೆಯಬೇಡಿ. ಟೋಪೆಕ್ಸ್‌ನ ಮೊದಲ ರೇಡಾರ್ ಸವೆದು ಲೆಕ್ಕ ಜಾರುತ್ತಿದ್ದುದು ಬಯಲಾದದ್ದು ಅವುಗಳ ಜೊತೆ ಹೋಲಿಸಿದಾಗಲೇ.

ಟೋಪೆಕ್ಸ್ ಆದಮೇಲೆ ಜೇಸನ್ ಹೆಸರಿನ ಮೂರು ಉಪಗ್ರಹಗಳು, 2020ರಲ್ಲಿ ಸೆಂಟಿನೆಲ್-6 ಅದೇ ದಾರಿಯಲ್ಲಿ ಸುತ್ತಿದವು. 1993ರಿಂದ ಕಡಲು ಸರಾಸರಿ 10 ಸೆಂ.ಮೀ. ಏರಿದೆ. ಆಗ ವರ್ಷಕ್ಕೆ ಸುಮಾರು 2 ಮಿ.ಮೀ. ಇದ್ದ ವೇಗ ಈಗ 4 ದಾಟಿದೆ.

2010-11ರಲ್ಲಿ ಮಾತ್ರ ಕಡಲ ಮಟ್ಟದ ಗೆರೆ ಸುಮಾರು 5 ಮಿ.ಮೀ. ಕೆಳಗಿಳಿಯಿತು. ಏರಿಕೆ ಸುಳ್ಳು ಎನ್ನುವವರಿಗೆ ಗೆರೆಯ ಇಂಥ ತುಂಡು ಸಿಕ್ಕರೆ ಹಬ್ಬ. ನೀರು ಎಲ್ಲಿ ಹೋಯಿತೆಂದು ತೋರಿಸಿದ್ದು ಗುರುತ್ವ ಅಳೆಯುವ ಗ್ರೇಸ್ ಜೋಡಿ ಉಪಗ್ರಹಗಳು. ಲಾ ನಿನಾ, ಅಂದರೆ ಪೆಸಿಫಿಕ್ ಕಡಲ ನಡುಭಾಗದ ನೀರು ಮಾಮೂಲಿಗಿಂತ ತಣ್ಣಗಾಗುವ ಕಾಲ, ತಂದ ಮಳೆ ಅದನ್ನು ಎತ್ತಿ ನೆಲಕ್ಕೆ ಸುರಿದಿತ್ತು, ಅದರಲ್ಲೂ ಆಸ್ಟ್ರೇಲಿಯಾಕ್ಕೆ. ಅಲ್ಲಿನ ಒಳನಾಡಿನ ನೀರು ಬಹುಪಾಲು ಕಡಲಿಗೆ ಹರಿಯುವುದಿಲ್ಲ, ಆವಿಯಾಗಿಯೇ ಹೋಗಬೇಕು. ಹಾಗಾಗಿ ಕಡಲಿಗೆ ಮರಳುವುದು ತಡವಾಯಿತು, ಅಷ್ಟೇ.