ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತಗೊಳ್ಳುವ ಮುಂಚೆ

ಕಲಬುರಗಿಯಲ್ಲಿ ಮನೆಗೆ ಫೈಬರ್ ಹಾಕಿಸಿದರೆ, ವೈರ್ ಎಳೆಯಲು ಬಂದ ಹುಡುಗ ಹೋಗುವಾಗ ಒಂದು ಮಾತು ಕೇಳಬಹುದು. "ಸ್ಟ್ಯಾಟಿಕ್ ಐಪಿ ಬೇಕೇನ್ರಿ ಅಣ್ಣಾರ? ಅದಕ್ಕ ಬ್ಯಾರೆ ರೊಕ್ಕ ಆಗ್ತದ." ಬ್ಯಾರೆ ರೊಕ್ಕ ಅಂದಮೇಲೆ ಏನೋ ಒಳ್ಳೇದೇ ಇರಬೇಕು ಅನ್ನಿಸುತ್ತದೆ. ಪಕ್ಕದಲ್ಲಿ ನಿಂತವರು ಯಾರಾದರೂ "ಸ್ಪೀಡ್ ಜಾಸ್ತಿ ಬರ್ತದ, ತಗೋರಿ" ಅಂದರಂತೂ ಮುಗಿದೇ ಹೋಯಿತು.

ಸ್ಪೀಡಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಐಪಿ ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮನ್ನು ಗುರುತಿಸುವ ವಿಳಾಸ. ನಿಮ್ಮ ವಿಳಾಸ ಬದಲಾಗದೆ ಇದ್ದರೆ ಸ್ಟ್ಯಾಟಿಕ್, ಬದಲಾಗಬಹುದಾದರೆ ಡೈನಾಮಿಕ್, ಅಷ್ಟೇ. ಸಿನಿಮಾ ನೋಡುವ, ಮಕ್ಕಳು ಆನ್‌ಲೈನ್ ಕ್ಲಾಸ್ ಕೇಳುವ ಮನೆಗೆ ಡೈನಾಮಿಕ್ ಧಾರಾಳ ಸಾಕು. ತಾಪತ್ರಯ ಶುರುವಾಗುವುದು ಹೊರಗಿನಿಂದ ಮನೆಯೊಳಕ್ಕೆ ಬರಬೇಕು ಅಂದಾಗ.

ಇಂಟರ್ನೆಟ್ಟಿನಲ್ಲಿ ಮಾತಾಡುವ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು. ನಡುವೆ ಚುಕ್ಕಿ ಹಾಕಿ ನಾಲ್ಕು ಸಂಖ್ಯೆ ಬರೆಯುವ ಐಪಿವಿ4 ಪದ್ಧತಿಯ ನಿಯಮ 1981ರಲ್ಲಿ ಬಂತು. ಅದರ 32 ಬಿಟ್‌ಗಳಲ್ಲಿ ಸುಮಾರು 430 ಕೋಟಿ ವಿಳಾಸ ಹಿಡಿಯುತ್ತವೆ. ಆಗ ಭೂಮಿ ಮೇಲಿದ್ದ ಜನ ಸುಮಾರು 450 ಕೋಟಿ. ತಲೆಗೊಂದರಂತೆ ಕೊಟ್ಟರೂ ಸಾಲುತ್ತಿರಲಿಲ್ಲ. ಆದರೆ ಕಂಪ್ಯೂಟರ್ ಕಂಡವರೇ ಕಡಿಮೆ ಇದ್ದ ಕಾಲ ಅದು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2011ರ ಫೆಬ್ರವರಿ 3ರಂದು ಜಗತ್ತಿನ ದಾಸ್ತಾನಿನಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಕಂತೆಗಳನ್ನೂ ಹಂಚಿ ಮುಗಿಸಿದರು. ಏಷ್ಯಾ ಪೆಸಿಫಿಕ್ ಭಾಗಕ್ಕೆ ವಿಳಾಸ ಕೊಡುವ ಎಪಿನಿಕ್ ಅದೇ ಏಪ್ರಿಲ್‌ನಿಂದ ಅಳೆದು ತೂಗಿ ಕೊಡತೊಡಗಿತು.

ಒಂದು ವಿಳಾಸವನ್ನು ಒಬ್ಬರ ಹೆಸರಿಗೇ ಬರೆದುಕೊಡದೆ, ಬೇಕಾದವರಿಗೆ ಬೇಕಾದಷ್ಟು ಹೊತ್ತು ಕೊಡುವ ಪದ್ಧತಿ ಡಿಎಚ್‌ಸಿಪಿ. ಇದು 1993ರಿಂದ ಇದೆ. ಇಡೀ ಮನೆಗೆ ಕಂಪನಿ ಕೊಡುವ ಹೊರಗಿನ ವಿಳಾಸ ಒಂದು, ಮನೆಯ ಯಂತ್ರಗಳಿಗೆ ಹಂಚುವ ಒಳಗಿನ ವಿಳಾಸಗಳು ಬೇರೆ. ನಿಮ್ಮ ಮನೆಯೊಳಗೆ ಈ ಹಂಚುವ ಕೆಲಸ ರೌಟರ್‌ನದು. ಮೊಬೈಲ್ ವೈಫೈಗೆ ಸೇರಿದ ಕೂಡಲೇ ನನಗೊಂದು ವಿಳಾಸ ಕೊಡಿ ಅಂತ ಕೇಳುತ್ತದೆ. ರೌಟರ್ 192.168.1.5 ಅಂತ ಒಂದನ್ನು ಇಂತಿಷ್ಟು ಅವಧಿಗೆ ಕೊಡುತ್ತದೆ. 24 ಗಂಟೆ ಅಂತ ಇಟ್ಟುಕೊಳ್ಳಿ. ಅರ್ಧ ಅವಧಿ ಕಳೆದಾಗ, ಅಂದರೆ 12 ತಾಸಿನ ನಂತರ, ಮೊಬೈಲ್ ತಾನಾಗಿಯೇ ಇದನ್ನೇ ಮುಂದುವರಿಸಲಾ ಅಂತ ಕೇಳುತ್ತದೆ. ಸಾಮಾನ್ಯವಾಗಿ ಆಗಲಿ ಅಂತಲೇ ಉತ್ತರ ಬರುತ್ತದೆ. ಹಾಗಾಗಿ ಡೈನಾಮಿಕ್ ಅಂದರೆ ಗಳಿಗೆಗೊಮ್ಮೆ ಬದಲಾಗುತ್ತದೆ ಅಂತಲ್ಲ. ಕರೆಂಟ್ ಹೋಗಿ ಬಂದಾಗ ಬದಲಾಗುವ ಸಂಭವ ಜಾಸ್ತಿ. ನಮ್ಮ ಕಡೆ ಬೇಸಿಗೆಯಲ್ಲಿ ಅದೇನು ಅಪರೂಪ ಅಲ್ಲ, ಅಲ್ವಾ?

ನೆಹರು ಗಂಜಿನಲ್ಲಿ ಕೆಳಗೆ ಅಡತಿ ಅಂಗಡಿ, ಮೇಲೆ ಮನೆ ಇರುವ ಒಬ್ಬ ವ್ಯಾಪಾರಿಯನ್ನು ಊಹಿಸಿಕೊಳ್ಳಿ. ಹಿಂದಿನ ಗೋದಾಮಿನಲ್ಲಿ ತೊಗರಿ ಚೀಲ, ಗೋಡೆ ಮೇಲೆ ನಾಲ್ಕು ಕ್ಯಾಮೆರಾ, ಗಲ್ಲಾದ ಕೆಳಗೆ ಅವುಗಳ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ, ಡಿವಿಆರ್. ಕ್ಯಾಮೆರಾ ಹಾಕಿದವನು ಡಿವಿಆರ್‌ನ ವಿಳಾಸ 192.168.1.20 ಅಂತ ನೋಡಿದ. ಹೊರಗಿನಿಂದ 8000ನೇ ಪೋರ್ಟಿಗೆ, ಅಂದರೆ 8000 ನಂಬರಿನ ಬಾಗಿಲಿಗೆ, ಬಂದದ್ದನ್ನು ಅಲ್ಲಿಗೆ ಕಳಿಸು ಅಂತ ರೌಟರ್‌ನಲ್ಲಿ ಬರೆದಿಟ್ಟ. ಪುಣೆಯಲ್ಲಿರುವ ಮಗ ಮೊಬೈಲಿನಲ್ಲಿ ಗೋದಾಮು ನೋಡುತ್ತಾನೆ. ಒಂದು ರಾತ್ರಿ ಕರೆಂಟ್ ಹೋಗಿ ಬಂತು. ಯಾರಿಗೆ ಏನು ಕೊಟ್ಟಿದ್ದೆ ಅನ್ನುವುದು ರೌಟರ್‌ಗೆ ಮರೆತೇ ಹೋಯಿತು. ಈ ಸಲ 20 ಮನೆಗೆ ಬಂದ ಬೀಗರ ಮೊಬೈಲಿಗೆ ಸಿಕ್ಕಿತು, ಡಿವಿಆರ್‌ಗೆ 27. ಮಗನ ಆ್ಯಪ್ ಆಫ್‌ಲೈನ್ ಅನ್ನುತ್ತದೆ. ಮನೆಯಲ್ಲಿ ನೋಡಿದರೆ ನೆಟ್ ಚೆನ್ನಾಗೇ ಓಡುತ್ತಿದೆ. ಕಂಪನಿಯವರು ಐಪಿ ಬದಲಿಸಿದ್ದಾರೆ ಅಂತ ತೀರ್ಮಾನ ಮಾಡಿ, ರೊಕ್ಕ ಕಟ್ಟಿ ಸ್ಟ್ಯಾಟಿಕ್ ತಗೊಂಡರು. ಚಿತ್ರ ಆಗಲೂ ಬರಲಿಲ್ಲ. ರೌಟರ್ ಇನ್ನೂ ಬೀಗರ ಮೊಬೈಲಿಗೇ ಕಳಿಸುತ್ತಿದೆ.

ಇಲ್ಲಿ ಗಟ್ಟಿ ಮಾಡಬೇಕಾಗಿದ್ದು ಒಳಗಿನ ವಿಳಾಸ. ಅದಕ್ಕೆ ಪೈಸೆ ಖರ್ಚಿಲ್ಲ. ಡಿವಿಆರ್, ಪ್ರಿಂಟರ್, ಎಲ್ಲಕ್ಕೂ ತಮ್ಮದೇ ಆದ ಮ್ಯಾಕ್ ಅಡ್ರೆಸ್ ಅನ್ನುವ ಗುರುತು ಇರುತ್ತದೆ. 12 ಅಕ್ಷರದ ಅದನ್ನು ಸಾಮಾನ್ಯವಾಗಿ ಹಿಂದಿನ ಸ್ಟಿಕ್ಕರ್ ಮೇಲೆ ಅಚ್ಚು ಹಾಕಿರುತ್ತಾರೆ. ರೌಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಇರುವಲ್ಲಿ ಈ ಮ್ಯಾಕ್ ಬಂದರೆ ಯಾವಾಗಲೂ 20 ಕೊಡು ಅಂತ ಬರೆದರೆ ಕೆಲಸ ಮುಗಿಯಿತು. ಡಿವಿಆರ್‌ನಲ್ಲೇ ಕೈಯಾರೆ ವಿಳಾಸ ಹಾಕುವವರೂ ಇದ್ದಾರೆ. ರೌಟರ್ ಹಂಚುವ ಸಾಲಿನಲ್ಲೇ ಆ ವಿಳಾಸ ಇದ್ದರೆ ಇನ್ನೊಂದು ಯಂತ್ರಕ್ಕೂ ಅದೇ ಹೋಗಿ ಎರಡೂ ಕೆಲಸ ಮಾಡದೆ ಕೂತುಬಿಡಬಹುದು. ನನಗೆ ರಿಸರ್ವೇಶನ್ನೇ ಮೇಲು. ಮೊಬೈಲಿಗೆ ಮಾತ್ರ ಇದರ ಗೊಡವೆ ಬೇಡ. ಈಗಿನ ಮೊಬೈಲ್‌ಗಳು ಗುಟ್ಟು ಕಾಯಲು ಒಂದೊಂದು ವೈಫೈಗೂ ಒಂದೊಂದು ಸುಳ್ಳು ಮ್ಯಾಕ್ ತೋರಿಸುತ್ತವೆ.

ಇನ್ನು ಹೊರಗಿನ ವಿಳಾಸ. ಇದು ಬದಲಾಗುತ್ತದಾ ಅಂತ ಕೇಳುವ ಮುಂಚೆ, ಇದು ನಿಮ್ಮೊಬ್ಬರದೇನಾ ಅಂತ ಕೇಳಬೇಕು. ಯಾಕೆಂದರೆ ವಿಳಾಸದ ಬರಗಾಲದಲ್ಲಿ ಕಂಪನಿಗಳು ಒಂದೇ ಐಪಿಯನ್ನು ಎಷ್ಟೋ ಮನೆಗಳಿಗೆ ಒಟ್ಟಿಗೆ ಕೊಡುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಹತ್ತಾರು ಸಂಸಾರ ಇರುವ ಹಳೇ ವಾಡೆಗೆ ಒಂದೇ ಮನೆ ನಂಬರ್ ಇದ್ದ ಹಾಗೆ. ಒಳಗಿನವರು ಯಾರು ಬರೆದ ಕಾಗದಕ್ಕೆ ಉತ್ತರ ಬಂದರೂ ಬಾಗಿಲಲ್ಲಿ ಕೂತವನಿಗೆ ಲೆಕ್ಕ ಗೊತ್ತಿರುತ್ತದೆ, ತಲುಪಿಸುತ್ತಾನೆ. ಹೊರಗಿನವರೇ ಮೊದಲು ಬರೆದರೆ ಯಾರಿಗೆ ಕೊಡಬೇಕು ಅಂತ ತಿಳಿಯದೆ ವಾಪಸ್ ಕಳಿಸುತ್ತಾನೆ. ನೀವು ಯಾವ ಸೈಟ್ ಬೇಕಾದರೂ ನೋಡಬಹುದು, ಆದರೆ ಪುಣೆಯಿಂದ ಯಾರೂ ನಿಮ್ಮ ಡಿವಿಆರ್ ಬಾಗಿಲು ತಟ್ಟಲಾಗದು. ಕೆಲವು ಸೈಟುಗಳು ನೀವು ರೋಬೋಟ್ ಅಲ್ಲ ತಾನೇ ಅಂತ ಮತ್ತೆ ಮತ್ತೆ ಕೇಳುವುದಕ್ಕೂ ಇದೊಂದು ಕಾರಣ. ಅದೇ ಐಪಿಯಿಂದ ಇನ್ನಾರೋ ಕಿತಾಪತಿ ಮಾಡಿರುತ್ತಾರೆ.

ನೋಡಿಕೊಳ್ಳುವುದು ಸುಲಭ. ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಂತ ಇರುತ್ತದೆ, ಕಂಪನಿ ನಿಮ್ಮ ರೌಟರ್‌ಗೆ ಕೊಟ್ಟ ವಿಳಾಸ ಅದು. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ವಾಡೆಯೊಳಗಿದ್ದೀರಿ. 2012ರಲ್ಲಿ ಈ ಸಾಲನ್ನು ಇದಕ್ಕಂತಲೇ ತೆಗೆದಿಟ್ಟರು. 10ರಿಂದ ಶುರುವಾದರೂ ಹೆಚ್ಚು ಕಡಿಮೆ ಅದೇ ಕಥೆ. ವಾಟ್ ಈಸ್ ಮೈ ಐಪಿ ಅಂತ ಹುಡುಕಿದಾಗ ಬರುವ ಸಂಖ್ಯೆಯೂ ವ್ಯಾನ್ ಐಪಿಯೂ ಒಂದೇ ಆಗಿದ್ದರೆ, ವಿಳಾಸ ನಿಮ್ಮದೇ.

ನಿಮ್ಮದೇ ಆಗಿದ್ದು ಆಗಾಗ ಬದಲಾಗುತ್ತಿದ್ದರೆ ಡೈನಾಮಿಕ್ ಡಿಎನ್‌ಎಸ್ ಸಾಕು. ವಿಳಾಸ ಬದಲಾದಾಗಲೆಲ್ಲ ರೌಟರ್ ಅದನ್ನು ಒಂದು ಹೆಸರಿಗೆ ಜೋಡಿಸುತ್ತದೆ, ಮಗ ಆ ಹೆಸರು ಹಾಕಿದರೆ ಆಯಿತು. ಸಿಜಿನ್ಯಾಟ್ ಇದ್ದರೆ ಈ ಉಪಾಯ ನಡೆಯದು. ಸ್ಟ್ಯಾಟಿಕ್ ಐಪಿಗೆ ಕೊಡುವ ರೊಕ್ಕಕ್ಕೆ ನಿಜವಾದ ಬೆಲೆ ಬರುವುದು ಅಲ್ಲಿ. ವಿಳಾಸ ಬದಲಾಗದಿರುವುದಕ್ಕಿಂತ, ಪಾಲುದಾರರಿಲ್ಲದ ವಿಳಾಸ ಸಿಗುವುದೇ ದೊಡ್ಡ ಲಾಭ. ಈ ಒಂದೇ ಐಪಿಯಿಂದ ಬಂದರೆ ಮಾತ್ರ ಒಳಗೆ ಬಿಡುತ್ತೇವೆ ಅನ್ನುವ ಆಫೀಸಿಗೆ ಮನೆಯಿಂದ ಕೆಲಸ ಮಾಡುವವರಿಗೂ ಅದು ಬೇಕಾಗಬಹುದು. ಬರೀ ಕ್ಯಾಮೆರಾ ನೋಡಲು ಬೇಕಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಜೋಡಿಸುವ ಡಿವಿಆರ್‌ಗಳು ತಾವೇ ಕಂಪನಿಯ ಸರ್ವರ್ ಜೊತೆ ಮಾತು ಶುರು ಮಾಡುತ್ತವೆ, ಹಾಗಾಗಿ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಕಂಪನಿಯ ಸರ್ವರ್ ಮೇಲೆ ನಂಬಿಕೆ ಇಲ್ಲದವರು ಟೇಲ್‌ಸ್ಕೇಲ್‌ನಂಥ ವಿಪಿಎನ್, ಅಂದರೆ ತಮ್ಮ ಯಂತ್ರಗಳ ನಡುವಿನ ಖಾಸಗಿ ದಾರಿ, ಹಾಕಿಕೊಳ್ಳಬಹುದು.

ಪೋರ್ಟ್ ತೆರೆದಿಡುವವರಿಗೆ ಒಂದು ಎಚ್ಚರಿಕೆ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಜೀಮ್ಯಾಪ್ ಅನ್ನುವ ಸಾಧನ ಮಾಡಿದರು. ಒಂದೇ ಕಂಪ್ಯೂಟರ್‌ನಿಂದ ಇಡೀ ಐಪಿವಿ4 ಲೋಕದ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ನೋಡಬಹುದು ಅಂತ ತೋರಿಸಿದರು. ಅಂದಮೇಲೆ ನಮ್ಮ ಮನೆ ಯಾರ ಕಣ್ಣಿಗೆ ಬೀಳುತ್ತದೆ ಅನ್ನುವ ಧೈರ್ಯ ಕೆಲಸಕ್ಕೆ ಬಾರದು. ಡೈನಾಮಿಕ್ ಐಪಿ ಇದ್ದರೂ ಅಷ್ಟೇ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಹಿಡಿದದ್ದೇ ಇಂಥ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು. ಅದರ ಕೈಯಲ್ಲಿದ್ದದ್ದು ಕಾರ್ಖಾನೆಯಲ್ಲೇ ಹಾಕಿ ಕಳಿಸಿದ, ಯಾರೂ ಬದಲಿಸದ ಸುಮಾರು 60 ಯೂಸರ್‌ನೇಮ್ ಪಾಸ್‌ವರ್ಡ್ ಜೋಡಿ. ಅಷ್ಟರಲ್ಲೇ ಲಕ್ಷಗಟ್ಟಲೆ ಯಂತ್ರ ಅದರ ವಶವಾದವು. ಡಿವಿಆರ್‌ನ ಪಾಸ್‌ವರ್ಡ್ ಇನ್ನೂ 12345 ಇದ್ದರೆ ಮೊದಲು ಅದನ್ನು ಬದಲಿಸಿ, ಐಪಿ ಮಾತು ಆಮೇಲೆ.

ಐಪಿವಿ6 ಬಂದಮೇಲೆ ಈ ಬರಗಾಲ ಇರಬಾರದು. ಅದು 128 ಬಿಟ್‌ನದು. ಒಂದು ಮನೆಗೆ ಕೊಡುವ ಅತಿ ಚಿಕ್ಕ ಕಂತೆಯಲ್ಲೇ ಸಾಮಾನ್ಯವಾಗಿ ಇಡೀ ಐಪಿವಿ4 ಲೋಕದ 430 ಕೋಟಿ ಪಟ್ಟು ವಿಳಾಸ ಇರುತ್ತವೆ. ಭಾರತದಲ್ಲಿ ಇದರ ಬಳಕೆ ಈಗಾಗಲೇ ಅರ್ಧ ದಾಟಿದೆ. ಆದರೆ ಆ ಕಂತೆಯೂ ಬದಲಾಗಬಹುದು, ಹಳೇ ಡಿವಿಆರ್‌ಗಳು ಎಷ್ಟೋ ಐಪಿವಿ4 ಬಿಟ್ಟು ಬೇರೇನೂ ಅರಿಯವು. ಹೊಸದು ಕೊಳ್ಳುವಾಗ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಜೊತೆಗೆ, ಐಪಿವಿ6 ಅದ ಏನ್ರಿ ಅಂತಲೂ ಕೇಳಿ ನೋಡಿ.